ಪಾಯಿಂಟ್‌ಗಳಲ್ಲಿ ಹಾರಿ, ಕಾರಿನಲ್ಲಿ ಸುತ್ತಿ: ಬೆಂಗಳೂರಿನ ಕಾರುಪ್ರಿಯರಿಗೆ ಯುರೋಪ್ ರಸ್ತೆ ಪ್ರವಾಸದ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ಕಾರು ನಿಲ್ಲಿಸಿಕೊಂಡು ಕಾಫಿ ಕುಡಿಯುವ ಗೆಳೆಯರ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಕೂಡಿಬಿದ್ದಿರುವ ಪಾಯಿಂಟ್‌ಗಳನ್ನೇ ಬಳಸಿ ಯುರೋಪಿಗೆ ಹೋಗಿ, ಅಲ್ಲಿ ಕಾರು ಬಾಡಿಗೆಗೆ ಹಿಡಿದು, ಆಲ್ಪ್ಸ್ ಪರ್ವತದ ಘಾಟಿಗಳನ್ನು ಹತ್ತಿಳಿದು ಬರಲು ಸಾಧ್ಯವೇ? ಸಾಧ್ಯವಿದೆ. ಆದರೆ ಹೆಚ್ಚಿನವರು ಈ ಕೆಲಸವನ್ನು ತಲೆಕೆಳಗಾಗಿ ಆರಂಭಿಸುತ್ತಾರೆ: ಮೊದಲು ಪಾಯಿಂಟ್ ಲೆಕ್ಕ, ಆಮೇಲೆ ಸಿಕ್ಕ ದಿನಾಂಕಕ್ಕೆ ಟಿಕೆಟ್, ಕೊನೆಗೆ ರಸ್ತೆಯ ಯೋಚನೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಮಕ್ಕಳ ಬೇಸಿಗೆ ರಜೆಗೆ ಹೊಂದುತ್ತದೆ ಎಂದು ಏಪ್ರಿಲ್ ಕೊನೆಯ ವಾರಕ್ಕೆ ಟಿಕೆಟ್ ಪಡೆದು, ಇಟಲಿಯ ಸ್ಟೆಲ್ವಿಯೊ ಘಾಟಿಯ ಬುಡದವರೆಗೆ ಕಾರು ಓಡಿಸಿಕೊಂಡು ಹೋದರೆ, ರಸ್ತೆ ಬದಿಯ ಫಲಕದಲ್ಲಿ ಇಟಾಲಿಯನ್ ಮತ್ತು ಜರ್ಮನ್ ಎರಡೂ ಭಾಷೆಯಲ್ಲಿ ‘ಮುಚ್ಚಿದೆ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಮೇಲೆ ಇನ್ನೂ ಆಳೆತ್ತರದ ಹಿಮವಿತ್ತು. ಅಲ್ಲಿಂದ ಕಾರು ತಿರುಗಿಸಿಕೊಂಡು ಬಂದ ಮೇಲೆ ನಾನು ಪ್ರತಿ ಯೋಜನೆಯನ್ನೂ ರಸ್ತೆಯಿಂದಲೇ ಆರಂಭಿಸುತ್ತೇನೆ. ಈ ಬರಹದ ಕ್ರಮವೂ ಅದೇ: ಮೊದಲು ರಸ್ತೆ ತೆರೆದಿರುವ ಕಾಲ, ನಂತರ ದಾರಿ, ಅದಾದ ಮೇಲೆ ಪಾಯಿಂಟ್.

ಮೊದಲ ಹಂತ: ಘಾಟಿಗಳ ಪಂಚಾಂಗ ನೋಡಿ ದಿನ ಗೊತ್ತುಮಾಡುವುದು

ಆಲ್ಪ್ಸ್‌ನ ಎತ್ತರದ ಘಾಟಿ ರಸ್ತೆಗಳು ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಹಿಮದಿಂದ ಮುಚ್ಚಿರುತ್ತವೆ. 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಸಾಮಾನ್ಯವಾಗಿ ಮೇ ಕೊನೆಗೆ ಅಥವಾ ಜೂನ್‌ನಲ್ಲಿ ತೆರೆದು, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಆರಂಭದಲ್ಲಿ ಮುಚ್ಚುತ್ತದೆ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ಮೇ ಮೊದಲ ಭಾಗದಲ್ಲೇ ತೆರೆಯುವುದುಂಟು. ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಘಾಟಿಗಳನ್ನು ಜೂನ್‌ಗೆ ಮೊದಲು ನಂಬಿಕೊಳ್ಳಬಾರದು. ಬೆಂಗಳೂರಿನ ಶಾಲೆಗಳ ಬೇಸಿಗೆ ರಜೆ ಏಪ್ರಿಲ್–ಮೇ ತಿಂಗಳಲ್ಲಿ ಬರುವುದರಿಂದ ನಮ್ಮ ರಜೆಗೂ ಆ ಘಾಟಿಗಳಿಗೂ ಹೊಂದಿಕೆಯೇ ಇಲ್ಲ. ದಸರಾ ರಜೆಯಲ್ಲಿ ಹೋಗಬಹುದು, ಆದರೆ ಅಕ್ಟೋಬರ್‌ನಲ್ಲಿ ಒಂದು ರಾತ್ರಿಯ ಹಿಮಪಾತ ಒಂದೆರಡು ದಿನ ರಸ್ತೆ ಮುಚ್ಚಿಸಬಲ್ಲದು ಎಂಬ ಎಚ್ಚರ ಇರಬೇಕು.

ಜುಲೈ, ಆಗಸ್ಟ್ ತಿಂಗಳಲ್ಲಿ ಯುರೋಪಿನವರಿಗೇ ರಜೆ. ಹೇರ್‌ಪಿನ್ ತಿರುವುಗಳಲ್ಲಿ ಮನೆಯಷ್ಟು ದೊಡ್ಡ ಕ್ಯಾಂಪರ್ ವಾಹನಗಳ ಹಿಂದೆ ಮೊದಲ ಗೇರ್‌ನಲ್ಲಿ ತೆವಳಬೇಕಾಗುತ್ತದೆ, ಹೋಟೆಲ್ ದರವೂ ಏರಿರುತ್ತದೆ. ನನ್ನ ಆಯ್ಕೆ ಜೂನ್‌ನ ಎರಡನೇ ಭಾಗ ಅಥವಾ ಸೆಪ್ಟೆಂಬರ್‌ನ ಮೊದಲ ಎರಡು ವಾರ. ಜೂನ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಸೆಪ್ಟೆಂಬರ್‌ನಲ್ಲಿ ರಸ್ತೆ ಖಾಲಿ ಇರುತ್ತದೆ. ಇನ್ನೆರಡು ಸಂಗತಿಗಳನ್ನು ಇದೇ ಹಂತದಲ್ಲಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ: ಜರ್ಮನಿಯ ಪ್ರಮುಖ ಕಾರು ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ, ಮತ್ತು ನ್ಯೂರ್‌ಬರ್ಗ್‌ರಿಂಗ್ ಎಂಬ ಕಾರು ರೇಸ್ ಟ್ರ್ಯಾಕ್ ಸಾರ್ವಜನಿಕರಿಗೆ ತೆರೆದಿರುವ ದಿನಗಳನ್ನು ಅವರದೇ ವೇಳಾಪಟ್ಟಿ ತೀರ್ಮಾನಿಸುತ್ತದೆ. ಸೈಕಲ್ ಸವಾರರಿಗೆಂದು ಕೆಲವು ಘಾಟಿಗಳನ್ನು ಬೇಸಿಗೆಯ ಒಂದೆರಡು ದಿನ ಕಾರುಗಳಿಗೆ ಮುಚ್ಚುವ ಪದ್ಧತಿಯೂ ಇದೆ. ಆ ದಿನಾಂಕಗಳು ಮೊದಲೇ ಪ್ರಕಟವಾಗುತ್ತವೆ.

ಎರಡನೇ ಹಂತ: ದಾರಿ ಹಾಕುವುದು

ಹದಿನಾಲ್ಕು ರಾತ್ರಿಗಳಿಗೆ ನಾನು ಶಿಫಾರಸು ಮಾಡುವ ದಾರಿ ಫ್ರಾಂಕ್‌ಫರ್ಟ್‌ನಲ್ಲಿ ಆರಂಭವಾಗಿ ಅಲ್ಲಿಗೇ ಬಂದು ಮುಗಿಯುವ ಒಂದು ವೃತ್ತ. ಮ್ಯಾನ್‌ಹೈಮ್, ಸ್ಟುಟ್‌ಗಾರ್ಟ್, ಮ್ಯೂನಿಕ್, ಗ್ರೋಸ್‌ಗ್ಲಾಕ್ನರ್, ಸ್ಟೆಲ್ವಿಯೊ, ಮೊಡೆನಾ, ಆಂಡರ್‌ಮಟ್, ಮುಲೂಸ್, ನ್ಯೂರ್‌ಬರ್ಗ್ — ಒಟ್ಟು ಸುಮಾರು 2,500 ಕಿ.ಮೀ. ಕಾರನ್ನು ತೆಗೆದುಕೊಂಡ ಊರಿನಲ್ಲೇ ಹಿಂದಿರುಗಿಸುವುದರಿಂದ ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಡುವ ಭಾರೀ ಶುಲ್ಕ ಉಳಿಯುತ್ತದೆ. ಆ ಶುಲ್ಕ ಕೆಲವೊಮ್ಮೆ ಇಡೀ ಬಾಡಿಗೆಯಷ್ಟೇ ಆಗುವುದುಂಟು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ನಡುರಾತ್ರಿ ಕಳೆದ ಮೇಲೆ ಹೊರಟರೆ ಬೆಳಿಗ್ಗೆ ಇಳಿಯುತ್ತೀರಿ. ಬೇಸಿಗೆಯಲ್ಲಿ ಸಮಯದ ಅಂತರ ಮೂರೂವರೆ ಗಂಟೆ ಮಾತ್ರ, ಆದರೂ ನಿದ್ದೆಗೆಟ್ಟ ಕಣ್ಣಿಗೆ ರಸ್ತೆಯ ಬಲಬದಿ ಹೊಸದು. ಹಾಗಾಗಿ ಮೊದಲ ದಿನ 80 ಕಿ.ಮೀ. ದೂರದ ಮ್ಯಾನ್‌ಹೈಮ್‌ಗಿಂತ ಮುಂದೆ ಹೋಗಬೇಡಿ.

ಮ್ಯಾನ್‌ಹೈಮ್ ಹೆಸರು ಪ್ರವಾಸಿಗರ ಪಟ್ಟಿಯಲ್ಲಿ ಕಾಣುವುದು ಕಡಿಮೆ. ಕಾರುಪ್ರಿಯರಿಗೆ ಅದು ಮೂಲಸ್ಥಾನ. ಕಾರ್ಲ್ ಬೆಂಝ್ ತನ್ನ ಮೂರು ಚಕ್ರದ ವಾಹನಕ್ಕೆ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಹಾಕಿದ್ದು ಈ ಊರಿನಿಂದ. ಎರಡು ವರ್ಷದ ನಂತರ, 1888ರ ಆಗಸ್ಟ್‌ನಲ್ಲಿ, ಅವನ ಹೆಂಡತಿ ಬರ್ತಾ ಬೆಂಝ್ ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಆ ವಾಹನವನ್ನು ನೂರು ಕಿ.ಮೀ.ಗೂ ಹೆಚ್ಚು ದೂರದ ಫೋರ್ಟ್ಸ್‌ಹೈಮ್‌ನ ತನ್ನ ತವರಿಗೆ ಓಡಿಸಿಕೊಂಡು ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಮರದ ಬ್ರೇಕ್ ಸವೆದಾಗ ದಾರಿಯಲ್ಲಿ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಪುಟ್ಟ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕ ಕೊಂಡು ತುಂಬಿಸಿದಳು. ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಊರಿನವರು ಹೆಮ್ಮೆಯಿಂದ ತೋರಿಸುತ್ತಾರೆ. ಅವಳು ಹೋದ ದಾರಿಗೆ ಇಂದು ‘ಬರ್ತಾ ಬೆಂಝ್ ಸ್ಮಾರಕ ಮಾರ್ಗ’ ಎಂಬ ಫಲಕಗಳಿವೆ. ಹೆದ್ದಾರಿ ಬಿಟ್ಟು ಈ ಹಳ್ಳಿ ರಸ್ತೆಗಳಲ್ಲಿ ಸ್ಟುಟ್‌ಗಾರ್ಟ್ ತಲುಪಲು ಅರ್ಧ ದಿನ ಹೆಚ್ಚು ಬೇಕು, ಆದರೆ ಬಲಬದಿಯ ಚಾಲನೆಗೆ ಕೈ ಹೊಂದಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ರಸ್ತೆ ಸಿಗದು. ದಾರಿಯಲ್ಲೇ ಲಾಡನ್‌ಬುರ್ಗ್‌ನ ಬೆಂಝ್ ವಸ್ತುಸಂಗ್ರಹಾಲಯವೂ ಇದೆ.

ಸ್ಟುಟ್‌ಗಾರ್ಟ್‌ಗೆ ಎರಡು ರಾತ್ರಿ ಬೇಕು. 2006ರಲ್ಲಿ ತೆರೆದ ಮರ್ಸಿಡಿಸ್ ಬೆಂಝ್ ವಸ್ತುಸಂಗ್ರಹಾಲಯದಲ್ಲಿ ಲಿಫ್ಟ್ ನಿಮ್ಮನ್ನು ನೇರ ಮೇಲಂತಸ್ತಿಗೆ ಒಯ್ಯುತ್ತದೆ. ಬಾಗಿಲು ತೆರೆದಾಗ ಮೊದಲು ಕಾಣುವುದು ಕಾರಲ್ಲ, ಒಂದು ಬಿಳಿ ಕುದುರೆಯ ಪ್ರತಿಕೃತಿ. ಅಲ್ಲಿಂದ ಕಾಲಾನುಕ್ರಮದಲ್ಲಿ, ಒಂದನ್ನೊಂದು ಸುತ್ತಿಕೊಂಡ ಎರಡು ಇಳಿಜಾರುಗಳಲ್ಲಿ ಕೆಳಗಿಳಿಯುತ್ತ ಸುಮಾರು 160 ವಾಹನಗಳನ್ನು ನೋಡುತ್ತೀರಿ. ಇದಕ್ಕೆ ನಾಲ್ಕು ತಾಸು ಮೀಸಲಿಡಿ. ಪೋರ್ಶೆ ವಸ್ತುಸಂಗ್ರಹಾಲಯ ಅದಕ್ಕಿಂತ ಚಿಕ್ಕದು. ಎರಡಕ್ಕೂ ನಗರ ರೈಲಿನಲ್ಲೇ ಹೋಗಬಹುದು, ಆದ್ದರಿಂದ ಆ ದಿನ ಕಾರನ್ನು ಹೋಟೆಲಿನಲ್ಲೇ ಬಿಡಿ. ಮ್ಯೂನಿಕ್‌ನಲ್ಲಿ ನಾಲ್ಕು ಸಿಲಿಂಡರ್ ಆಕಾರದ ಬಿಎಂಡಬ್ಲ್ಯು ಗೋಪುರ ಮತ್ತು ಪಕ್ಕದ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಸಾಕು.

ಇಲ್ಲಿಂದ ಪರ್ವತಗಳು ಆರಂಭವಾಗುತ್ತವೆ. 1935ರಲ್ಲಿ ಸಂಚಾರಕ್ಕೆ ತೆರೆದ ಗ್ರೋಸ್‌ಗ್ಲಾಕ್ನರ್ ಎತ್ತರದ ರಸ್ತೆ 48 ಕಿ.ಮೀ. ಉದ್ದ, 36 ಹೇರ್‌ಪಿನ್ ತಿರುವುಗಳದ್ದು. ಟೋಲ್ ದಿನಕ್ಕೆ 40 ಯುರೋಗಿಂತ ಹೆಚ್ಚು. ದುಬಾರಿ ಎನಿಸಿದರೂ ಅದು ಇಡೀ ದಿನಕ್ಕೆ ಅನ್ವಯಿಸುತ್ತದೆ, ಆದ್ದರಿಂದ ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿರಿ. ಹತ್ತು ಗಂಟೆಯ ನಂತರ ಬಸ್ಸುಗಳು ಸಾಲುಗಟ್ಟುತ್ತವೆ. ತಿರುವುಗಳು ಅಗಲವಾಗಿದ್ದು ಡಾಂಬರು ನಯವಾಗಿರುವುದರಿಂದ ಸ್ಟೆಲ್ವಿಯೊಗೆ ಮೊದಲು ಇದನ್ನು ಇಟ್ಟಿದ್ದೇನೆ.

ಸ್ಟೆಲ್ವಿಯೊ ಬೇರೆಯೇ ಸ್ವಭಾವದ ರಸ್ತೆ. 1820ರ ದಶಕದಲ್ಲಿ, ಕುದುರೆ ಗಾಡಿಗಳ ಕಾಲದಲ್ಲಿ, ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ ಕಟ್ಟಿಸಿದ ಇದರ ಬುಡದ ಪ್ರಾಟೊ ಎಂಬ ಊರಿನ ಕಡೆಯ ಏರಿನಲ್ಲಿ 48 ಹೇರ್‌ಪಿನ್ ತಿರುವುಗಳಿವೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮೂರು ಸಲಕ್ಕೂ ಹೆಚ್ಚು ಒಂದರ ಮೇಲೊಂದು ಪೇರಿಸಿದಂತೆ ಎಂದುಕೊಳ್ಳಿ. ತಿರುವುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ: ಬುಡದಲ್ಲಿ 48, ತುದಿಯಲ್ಲಿ 1. ಪ್ರಾಟೊ ಕಡೆಯಿಂದಲೇ ಹತ್ತಬೇಕು, ಏಕೆಂದರೆ ತಿರುವುಗಳು ಹತ್ತುವಾಗ ಓದಲು ಸಿಗುತ್ತವೆ, ಇಳಿಯುವಾಗ ಬ್ರೇಕ್ ತಿನ್ನುತ್ತವೆ. ಬಲಕ್ಕೆ ತಿರುಗುವ ಹೇರ್‌ಪಿನ್‌ಗಳು ತೀರ ಇಕ್ಕಟ್ಟು. ಎದುರಿನ ಸಾಲಿಗೆ ಸ್ವಲ್ಪ ಹೋಗದೆ ದೊಡ್ಡ ಕಾರು ತಿರುಗುವುದಿಲ್ಲ, ಆದ್ದರಿಂದ ಮೇಲಿನ ಎರಡು ತಿರುವುಗಳತ್ತ ಕಣ್ಣೆತ್ತಿ ನೋಡಿ ಯಾರೂ ಇಳಿಯುತ್ತಿಲ್ಲ ಎಂದು ಖಚಿತಪಡಿಸಿಕೊಂಡೇ ಒಳಗೆ ಹೋಗಬೇಕು. ಆಚೆ ಬದಿಯ ಬೊರ್ಮಿಯೊ ಊರಿನ ಕಡೆ ಇಳಿಯುವಾಗ ಎರಡನೇ ಗೇರ್‌ನಲ್ಲಿ ಎಂಜಿನ್ ಬ್ರೇಕಿಂಗ್ ಬಳಸಿ. ನನ್ನ ಮುಂದಿದ್ದ ಕಾರೊಂದರ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿದ್ದುದು ಕಿಟಕಿ ಮುಚ್ಚಿದ್ದರೂ ನಮಗೆ ತಿಳಿಯುತ್ತಿತ್ತು. ಚಾಲಕ ಇಳಿಜಾರಿನುದ್ದಕ್ಕೂ ಪೆಡಲ್‌ನಿಂದ ಕಾಲು ತೆಗೆದಿರಲಿಲ್ಲ. ಚಾರ್ಮಾಡಿ ಇಳಿದು ಅಭ್ಯಾಸವಿದ್ದವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ಇಳಿಜಾರು ಬೇಗ ಮುಗಿಯುವುದಿಲ್ಲ.

ಮೊಡೆನಾದಲ್ಲಿ ಎರಡು ರಾತ್ರಿ. ಮರನೆಲ್ಲೊದ ಫೆರಾರಿ, ಸಂತಾಗತಾದ ಲ್ಯಾಂಬೊರ್ಗಿನಿ, ಸಾನ್ ಚೆಸಾರಿಯೊದ ಪಗಾನಿ, ಬೊಲೊನ್ಯಾ ಅಂಚಿನ ಡುಕಾಟಿ — ಎಲ್ಲವೂ ಒಂದು ತಾಸಿನ ಅಳತೆಯೊಳಗಿವೆ. ವಸ್ತುಸಂಗ್ರಹಾಲಯದ ಹೊರಗೆ ಹತ್ತು ನಿಮಿಷಕ್ಕೆ ಫೆರಾರಿ ಬಾಡಿಗೆ ಕೊಡುವವರು ಕರೆಯುತ್ತಾರೆ. ಊರಿನ ಟ್ರಾಫಿಕ್‌ನಲ್ಲಿ ಮೂರನೇ ಗೇರ್ ದಾಟದ ಆ ಹತ್ತು ನಿಮಿಷದ ಹಣವನ್ನು ನ್ಯೂರ್‌ಬರ್ಗ್‌ರಿಂಗ್‌ಗೆ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಸ್ವಿಟ್ಜರ್ಲೆಂಡಿನಲ್ಲಿ ಆಂಡರ್‌ಮಟ್ ಊರನ್ನು ಕೇಂದ್ರ ಮಾಡಿಕೊಂಡು ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರೂ ಘಾಟಿಗಳನ್ನು ಒಂದೇ ದಿನದಲ್ಲಿ ಸುತ್ತಿಬರಬಹುದು. ದೂರ 120 ಕಿ.ಮೀ. ಆಸುಪಾಸು. ಫುರ್ಕಾದ ಇಳಿಜಾರಿನಲ್ಲಿ ರೋನ್ ಹಿಮನದಿ ಕರಗದಿರಲೆಂದು ಅದರ ಅಂಚಿಗೆ ಬಿಳಿ ಹೊದಿಕೆ ಹೊದಿಸಿರುವುದನ್ನು ನೋಡಿ ನಮ್ಮ ಕಾರಿನಲ್ಲಿದ್ದವರೆಲ್ಲ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈ ರಸ್ತೆಗಳಲ್ಲಿ ಹಳದಿ ಅಂಚೆ ಬಸ್ಸುಗಳು ಕುರುಡು ತಿರುವಿಗೆ ಮುಂಚೆ ಮೂರು ಸ್ವರದ ಹಾರ್ನ್ ಊದುತ್ತವೆ. ಅದು ಕೇಳಿಸಿದರೆ ನಿಂತು ಜಾಗ ಬಿಡಿ, ಅವಕ್ಕೆ ಆದ್ಯತೆ ಇದೆ.

ಮುಲೂಸ್ ಫ್ರಾನ್ಸಿನಲ್ಲಿದೆ, ಸ್ವಿಸ್ ಗಡಿಗೆ ಹತ್ತಿರ. ಬಟ್ಟೆ ಗಿರಣಿಯ ಒಡೆಯರಾಗಿದ್ದ ಶ್ಲುಂಪ್ ಸಹೋದರರು ಗುಟ್ಟಾಗಿ ನೂರಾರು ಕಾರುಗಳನ್ನು, ಅದರಲ್ಲೂ ಬುಗಾಟಿಗಳನ್ನು, ಕೊಂಡು ಗಿರಣಿಯೊಳಗೇ ಸಾಲಾಗಿ ನಿಲ್ಲಿಸಿದ್ದರು. ಉದ್ಯಮ ಮುಳುಗಿ, 1977ರಲ್ಲಿ ಕೆಲಸಗಾರರು ಕಟ್ಟಡವನ್ನು ವಶಕ್ಕೆ ತೆಗೆದುಕೊಂಡಾಗ ಆ ಸಂಗ್ರಹ ಲೋಕಕ್ಕೆ ಕಂಡಿತು. 1982ರಿಂದ ಅದು ಸಾರ್ವಜನಿಕ ವಸ್ತುಸಂಗ್ರಹಾಲಯ. ಆರೇ ಆರು ತಯಾರಾದ ಬುಗಾಟಿ ರಾಯಲ್ ಕಾರುಗಳಲ್ಲಿ ಎರಡು ಇಲ್ಲಿವೆ. ಪ್ಯಾರಿಸ್ ಸೇತುವೆಯ ದೀಪಸ್ತಂಭಗಳ ನಕಲುಗಳ ಸಾಲಿನ ಕೆಳಗೆ ಆ ಉದ್ದನೆಯ ಬಾನೆಟ್ ಪಕ್ಕ ನಿಂತರೆ ನಿಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನು ಪ್ರೀತಿಯಿಂದ ನೋಡಿಬಂದ ಯಾರೂ ಮುಲೂಸ್ ಬಿಡಬಾರದು.

ಕೊನೆಗೆ ನ್ಯೂರ್‌ಬರ್ಗ್. 1927ರಲ್ಲಿ ತೆರೆದ ಇಲ್ಲಿನ ನಾರ್ಡ್‌ಶ್ಲೈಫೆ 20.832 ಕಿ.ಮೀ. ಉದ್ದದ ಟ್ರ್ಯಾಕ್. ಫಾರ್ಮುಲಾ ಒನ್ ಚಾಲಕ ಜಾಕಿ ಸ್ಟುವರ್ಟ್ ಇದನ್ನು ‘ಹಸಿರು ನರಕ’ ಎಂದು ಕರೆದರು. 1976ರ ಆಗಸ್ಟ್ 1ರಂದು ಇನ್ನೊಬ್ಬ ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ ಅಪಘಾತದಲ್ಲಿ ಬೆಂಕಿಗೆ ಸಿಕ್ಕಿದ್ದು ಇಲ್ಲಿಯ ಬೆರ್ಗ್‌ವೆರ್ಕ್ ತಿರುವಿನ ಬಳಿ. ಸಾರ್ವಜನಿಕ ದಿನಗಳಲ್ಲಿ ಪ್ರತಿ ಸುತ್ತಿಗೂ ಇಷ್ಟೆಂದು ಹಣ ಕೊಟ್ಟು ಯಾರು ಬೇಕಾದರೂ ಓಡಿಸಬಹುದು. ಆದರೆ ವಿಮಾನ ನಿಲ್ದಾಣದಲ್ಲಿ ಪಡೆದ ಬಾಡಿಗೆ ಕಾರನ್ನು ಒಳಗೆ ಒಯ್ಯಬೇಡಿ. ಬಾಡಿಗೆ ಒಪ್ಪಂದಗಳು ಅದನ್ನು ನಿಷೇಧಿಸುತ್ತವೆ, ವಿಮೆ ಅನ್ವಯಿಸುವುದಿಲ್ಲ. ಅಪಘಾತವಾದರೆ ತಡೆಬೇಲಿಯ ದುರಸ್ತಿ, ಕಾರು ಎಳೆದೊಯ್ಯುವ ವೆಚ್ಚ ಎಲ್ಲವೂ ನಿಮ್ಮ ಜೇಬಿನಿಂದ. ಟ್ರ್ಯಾಕ್‌ಗೆಂದೇ ಸಜ್ಜುಗೊಳಿಸಿದ ಕಾರುಗಳನ್ನು ಅಲ್ಲಿನ ಹಳ್ಳಿಗಳಲ್ಲೇ ಬಾಡಿಗೆಗೆ ಕೊಡುತ್ತಾರೆ, ಜೊತೆಗೆ ಬೋಧಕನೂ ಸಿಗುತ್ತಾನೆ. ಮೊದಲ ಸಲ ಹೋಗುವವರು ಬೋಧಕನಿಲ್ಲದೆ ಹೋಗಬಾರದು. ಒಳಗೆ ಎಡದಿಂದ ಮಾತ್ರ ಓವರ್‌ಟೇಕ್, ವೇಗದವರು ಬಂದರೆ ಬಲಕ್ಕೆ ಇಂಡಿಕೇಟರ್ ಹಾಕಿ ಬಿಟ್ಟುಕೊಡಬೇಕು. ಓಡಿಸುವ ಮನಸ್ಸಿಲ್ಲದಿದ್ದರೆ ಬ್ರ್ಯೂನ್‌ಶೆನ್ ತಿರುವಿನ ಬೇಲಿಯ ಬಳಿ ನಿಂತು ನೋಡುತ್ತ ಒಂದು ಮಧ್ಯಾಹ್ನ ಕಳೆಯಬಹುದು.

ಮೂರನೇ ಹಂತ: ಪಾಯಿಂಟ್‌ಗಳನ್ನು ಎಲ್ಲಿ ಖರ್ಚು ಮಾಡಬೇಕು

ಈಗ ದಿನವೂ ಊರೂ ಗೊತ್ತಾದವು, ಪಾಯಿಂಟ್ ಲೆಕ್ಕ ಇಲ್ಲಿಂದ. ನನ್ನ ನಿಯಮ ಸರಳ: ಪಾಯಿಂಟ್ ಆಕಾಶಕ್ಕೆ ಮತ್ತು ನಗರದ ಹಾಸಿಗೆಗೆ, ನಗದು ರಸ್ತೆಗೆ. ಕಾರು ಬಾಡಿಗೆ, ಶಾಪಿಂಗ್ ವೋಚರ್, ಬಿಲ್ ಕಡಿತ ಇವುಗಳಿಗೆ ಪಾಯಿಂಟ್ ಕೊಟ್ಟರೆ ಪ್ರತಿ ಪಾಯಿಂಟ್‌ಗೆ ಸಿಗುವ ಬೆಲೆ ಸಾಮಾನ್ಯವಾಗಿ ತೀರ ಕಡಿಮೆ.

ಬೆಲೆ ಅಳೆಯುವ ವಿಧಾನ ಹೀಗೆ. ಅದೇ ವಿಮಾನದ ನಗದು ದರದಿಂದ, ಅವಾರ್ಡ್ ಟಿಕೆಟ್‌ಗೆ (ಪಾಯಿಂಟ್ ಕೊಟ್ಟು ಪಡೆಯುವ ಟಿಕೆಟ್) ನೀವು ನಗದಾಗಿ ಕೊಡಬೇಕಾದ ತೆರಿಗೆ ಮತ್ತು ಸರ್‌ಚಾರ್ಜ್ (ಹೆಚ್ಚುವರಿ ಶುಲ್ಕ) ಕಳೆಯಿರಿ. ಉಳಿದುದನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ, ಟಿಕೆಟ್ 70,000 ರೂಪಾಯಿ, ಅವಾರ್ಡ್‌ಗೆ 40,000 ಪಾಯಿಂಟ್ ಮತ್ತು 22,000 ರೂಪಾಯಿ ತೆರಿಗೆ ಎಂದಿಟ್ಟುಕೊಂಡರೆ, 48,000 ರೂಪಾಯಿ ಉಳಿತಾಯಕ್ಕೆ 40,000 ಪಾಯಿಂಟ್, ಅಂದರೆ ಒಂದಕ್ಕೆ 1 ರೂಪಾಯಿ 20 ಪೈಸೆ. ತೆರಿಗೆ ಕಳೆಯುವುದನ್ನು ಮರೆತವರೇ ‘ಉಚಿತ ಟಿಕೆಟ್’ ಎಂದು ಹಿಗ್ಗುವುದು. ಕಾರ್ಡಿನ ಪಾಯಿಂಟ್‌ಗಳನ್ನು ನಾವು ವರ್ಗಾಯಿಸಿಕೊಳ್ಳುವ, ವಿಮಾನ ಕಂಪನಿಗಳ ಪಾಯಿಂಟ್ ಯೋಜನೆಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದೂ ಈ ಸರ್‌ಚಾರ್ಜ್‌ನಲ್ಲೇ. ಏರ್ ಕೆನಡಾದ ಏರೋಪ್ಲಾನ್ ತನ್ನ ಅವಾರ್ಡ್ ಟಿಕೆಟ್‌ಗಳ ಮೇಲೆ ಇಂಧನ ಸರ್‌ಚಾರ್ಜ್ ಹಾಕುವುದಿಲ್ಲ, ಹಾಗಾಗಿ ಅದೇ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದ ಲುಫ್ತಾನ್ಸಾ ವಿಮಾನವನ್ನು ಏರೋಪ್ಲಾನ್ ಮೂಲಕ ಪಡೆದರೆ ಕೈಯಿಂದ ಹೋಗುವ ನಗದು ಕಡಿಮೆ. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಕಂಪನಿಗಳ ಫ್ಲೈಯಿಂಗ್ ಬ್ಲೂ ಸರ್‌ಚಾರ್ಜ್ ಹಾಕುತ್ತದೆ, ಆದರೆ ಪ್ರತಿ ತಿಂಗಳೂ ಕೆಲವು ಮಾರ್ಗಗಳಿಗೆ ಮೈಲ್ಸ್ (ಅದರ ಪಾಯಿಂಟ್) ರಿಯಾಯಿತಿ ಪ್ರಕಟಿಸುತ್ತದೆ. ಎರಡೂ ಸಂಸ್ಥೆಗಳು ಬೆಂಗಳೂರಿನಿಂದ ಹಾರುತ್ತವೆ, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಂನಲ್ಲಿ ಬದಲಿಸಿ ಫ್ರಾಂಕ್‌ಫರ್ಟ್ ತಲುಪಬಹುದು.

ಅವಾರ್ಡ್ ಸೀಟುಗಳು ಪ್ರಯಾಣಕ್ಕೆ ಸುಮಾರು ಹನ್ನೊಂದು–ಹನ್ನೆರಡು ತಿಂಗಳು ಮುಂಚೆ ತೆರೆಯುತ್ತವೆ. ಸೆಪ್ಟೆಂಬರ್ ಪ್ರಯಾಣಕ್ಕೆ ಹಿಂದಿನ ಅಕ್ಟೋಬರ್‌ನಲ್ಲೇ ಹುಡುಕಾಟ ಆರಂಭಿಸಿ. ನಾಲ್ಕು ಜನರಿಗೆ ಒಂದೇ ವಿಮಾನದಲ್ಲಿ ಸೀಟು ಸಿಗುವುದು ಕಷ್ಟ, ಇಬ್ಬಿಬ್ಬರಾಗಿ ಅಕ್ಕಪಕ್ಕದ ದಿನಗಳಲ್ಲಿ ಹಾರಲು ಸಿದ್ಧರಿದ್ದರೆ ಸುಲಭ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು: ಬ್ಯಾಂಕಿನಿಂದ ವಿಮಾನಯಾನ ಖಾತೆಗೆ ಒಮ್ಮೆ ಟ್ರಾನ್ಸ್‌ಫರ್ ಮಾಡಿದ ಪಾಯಿಂಟ್ ಹಿಂದಕ್ಕೆ ಬರುವುದಿಲ್ಲ. ಸೀಟು ಕಣ್ಣಿಗೆ ಕಾಣುವವರೆಗೆ ಟ್ರಾನ್ಸ್‌ಫರ್ ಮಾಡಬೇಡಿ. ಕೆಲವು ವರ್ಗಾವಣೆಗಳು ನಿಮಿಷಗಳಲ್ಲಿ ಮುಗಿದರೆ ಕೆಲವಕ್ಕೆ ದಿನಗಳು ಬೇಕು, ಆದ್ದರಿಂದ ನಿಮ್ಮ ಕಾರ್ಡಿನ ಅನುಪಾತ, ವಾರ್ಷಿಕ ಮಿತಿ ಮತ್ತು ಹಿಡಿಯುವ ಸಮಯವನ್ನು ತಿಂಗಳುಗಳ ಮೊದಲೇ ಸಣ್ಣ ಮೊತ್ತ ಕಳಿಸಿ ಪರೀಕ್ಷಿಸಿಕೊಳ್ಳಿ. ಎರಡೂ ಖಾತೆಗಳಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ಇನಿಷಿಯಲ್ ಹಿಂದೆಮುಂದಾಗಿರುವ ನಮ್ಮ ಹೆಸರುಗಳಿಗೆ ಈ ತೊಡಕು ಹೆಚ್ಚು.

ಹೋಟೆಲ್‌ಗೆ ಬಂದರೆ, ಯುರೋಪಿನ ಸಾಧಾರಣ ನಗರಗಳಲ್ಲಿ ಎಲ್ಲೆಡೆ ಇರುವುದು ಅಕೋರ್ ಸಮೂಹದ ಇಬಿಸ್, ನೊವೊಟೆಲ್‌ಗಳು. ಅಲ್ಲಿ 2,000 ಪಾಯಿಂಟ್‌ಗೆ 40 ಯುರೋ ಎಂಬ ನಿಗದಿತ ಬೆಲೆ ಇದೆ. ಯುರೋಗೆ 100 ರೂಪಾಯಿ ಎಂದು ಹಿಡಿದರೆ ಒಂದು ಅಕೋರ್ ಪಾಯಿಂಟ್ 2 ರೂಪಾಯಿ. ನಿಮ್ಮ ಬ್ಯಾಂಕ್ ಎರಡಕ್ಕೆ ಒಂದು ಅನುಪಾತದಲ್ಲಿ ಕೊಟ್ಟರೂ 1 ರೂಪಾಯಿ ದಕ್ಕುತ್ತದೆ. ಮ್ಯಾರಿಯಟ್ ಹೋಟೆಲ್‌ಗಳ ಪಾಯಿಂಟ್ ಯೋಜನೆಯಾದ ಬೊನ್ವೊಯ್‌ನಲ್ಲಿ ಪಾಯಿಂಟ್ ಕೊಟ್ಟು ಸತತ ಐದು ರಾತ್ರಿ ತಂಗಿದರೆ ಒಂದು ರಾತ್ರಿಯ ಪಾಯಿಂಟ್ ಉಳಿಯುತ್ತದೆ, ಆದರೆ ಎರಡೆರಡು ರಾತ್ರಿಗೆ ಊರು ಬದಲಿಸುವ ಪ್ರವಾಸಕ್ಕೆ ಆ ಲಾಭ ಒದಗುವುದಿಲ್ಲ. ಪರ್ವತದ ಊರುಗಳಲ್ಲಿ ಇರುವುದು ಕುಟುಂಬಗಳು ನಡೆಸುವ ವಸತಿಗೃಹಗಳೇ, ಅಲ್ಲಿ ನಗದು ಕೊಡಿ. ಕಾರು ನಿಲ್ಲಿಸಲು ಜಾಗ ಉಚಿತವಾಗಿ ಇರುತ್ತದೆ, ಬೆಳಗಿನ ತಿಂಡಿಯೂ ಸಿಗುತ್ತದೆ. ನಗರ ಮಧ್ಯದ ಹೋಟೆಲ್‌ಗಳಲ್ಲಿ ಪಾರ್ಕಿಂಗ್ ಶುಲ್ಕ ಬೇರೆ.

ನಾಲ್ಕನೇ ಹಂತ: ವೀಸಾ ಮತ್ತು ಪರವಾನಗಿ

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾವನ್ನು ಹೆಚ್ಚು ರಾತ್ರಿ ತಂಗುವ ದೇಶದ ಮೂಲಕ ಹಾಕಬೇಕು. ನಮ್ಮ ದಾರಿಯಲ್ಲಿ ಜರ್ಮನಿಗೆ ಏಳು ರಾತ್ರಿ, ಇಟಲಿಗೆ ಮೂರು, ಸ್ವಿಟ್ಜರ್ಲೆಂಡಿಗೆ ಎರಡು, ಆಸ್ಟ್ರಿಯಾ ಮತ್ತು ಫ್ರಾನ್ಸಿಗೆ ಒಂದೊಂದು, ಆದ್ದರಿಂದ ಜರ್ಮನಿ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯುರೋ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟವಾಗುವುದರಿಂದ ನಾಲ್ಕು ತಿಂಗಳ ಮೊದಲೇ ಹಾಕಿ. ಕನಿಷ್ಠ 30,000 ಯುರೋ ವೈದ್ಯಕೀಯ ವಿಮೆ ಕಡ್ಡಾಯ. ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್‌ಗಳನ್ನೇ ಲಗತ್ತಿಸಿ, ಆದರೆ ದಿನದಿಂದ ದಿನಕ್ಕೆ ಊರು, ದೂರ ಬರೆದ ಒಂದು ಪುಟದ ಪ್ರಯಾಣ ವಿವರ ಜೊತೆಗಿರಲಿ. ಐದು ದೇಶ ಸುತ್ತುವ ಅರ್ಜಿಗೆ ಅದು ಬಹಳ ನೆರವಾಗುತ್ತದೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಪರಿವಾಹನ್ ಸಾರಥಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ನಿಮ್ಮ ಆರ್‌ಟಿಒ ಕಚೇರಿಯಿಂದ ಪಡೆಯಬೇಕು. ಅವಧಿ ಒಂದು ವರ್ಷ, ಹಾಗಾಗಿ ಬಹಳ ಮುಂಚೆ ಮಾಡಿಸಬೇಡಿ. ಮೂಲ ಪರವಾನಗಿ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ.

ಐದನೇ ಹಂತ: ಕಾರು ಬಾಡಿಗೆ

ದೊಡ್ಡ ಜರ್ಮನ್ ಸೆಡಾನ್ ಮೇಲೆ ಆಸೆ ಸಹಜ. ನನ್ನ ಅನುಭವದಲ್ಲಿ ಸ್ಟೆಲ್ವಿಯೊದಂಥ ರಸ್ತೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ಗಾತ್ರದ ಮ್ಯಾನುಯಲ್ ಹ್ಯಾಚ್‌ಬ್ಯಾಕ್ ಅದಕ್ಕಿಂತ ಹೆಚ್ಚು ಸಂತೋಷ ಕೊಡುತ್ತದೆ. ಇನ್ನೊಂದು ಕಾರಣವೂ ಇದೆ: ದುಬಾರಿ ಜರ್ಮನ್ ಕಾರುಗಳನ್ನು ಇಟಲಿಗೆ ಒಯ್ಯಲು ಕೆಲವು ಬಾಡಿಗೆ ಸಂಸ್ಥೆಗಳು ಬಿಡುವುದಿಲ್ಲ. ಬುಕ್ ಮಾಡುವ ಮೊದಲು ನೀವು ದಾಟುವ ಐದೂ ದೇಶಗಳ ಹೆಸರು ಹೇಳಿ ಲಿಖಿತ ಒಪ್ಪಿಗೆ ಪಡೆಯಿರಿ. ಆಟೊಮ್ಯಾಟಿಕ್ ಬೇಕಿದ್ದರೆ ಸ್ಪಷ್ಟವಾಗಿ ಕೇಳಬೇಕು, ದರವೂ ಹೆಚ್ಚು. ಮುಖ್ಯ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡ್ ಕಡ್ಡಾಯ. ಠೇವಣಿಯಾಗಿ ಅವರು ಹಿಡಿದಿಡುವ ಮೊತ್ತಕ್ಕೆ ಸಾಕಷ್ಟು ಮಿತಿ ಉಳಿದಿರಬೇಕು. ವಿಮೆಯಲ್ಲಿ ಗಾಜು, ಟೈರು, ಕಾರಿನ ತಳಭಾಗ ಸೇರಿವೆಯೇ ಎಂದು ಓದಿ, ಸಾಮಾನ್ಯ ವಿಮೆಯಿಂದ ಹೊರಗುಳಿಯುವುದು ಇವೇ. ಕೀಲಿ ಕೈಗೆ ಬಂದ ಕೂಡಲೇ, ಹೊರಡುವ ಮೊದಲು, ನಾಲ್ಕೂ ಚಕ್ರದ ರಿಮ್ ಸೇರಿಸಿ ವಿಡಿಯೊ ತೆಗೆದುಕೊಳ್ಳಿ.

ಜರ್ಮನಿಯಲ್ಲಿ ಕಾರುಗಳಿಗೆ ಹೆದ್ದಾರಿ ಟೋಲ್ ಇಲ್ಲ. ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿಗೆ ವಿನ್ಯೆಟ್ ಎಂಬ ಮುಂಗಡ ಪಾವತಿ ಬೇಕು. ಸ್ವಿಸ್ ವಿನ್ಯೆಟ್ ವರ್ಷಕ್ಕೆ 40 ಫ್ರಾಂಕ್. ಅದರ ಡಿಜಿಟಲ್ ರೂಪ ಕಾರಿನ ನೋಂದಣಿ ಸಂಖ್ಯೆಗೆ ಅಂಟಿಕೊಳ್ಳುವುದರಿಂದ ಕಾರು ಕೈಗೆ ಬಂದ ಮೇಲೆ ಫೋನಿನಲ್ಲೇ ಕೊಳ್ಳಬಹುದು. ಆಸ್ಟ್ರಿಯಾದ್ದನ್ನು ಗಡಿಗೆ ಮುಂಚಿನ ಪೆಟ್ರೋಲ್ ಬಂಕ್‌ನಲ್ಲಿ ಕೊಳ್ಳಿ. ಇಟಲಿಯ ಟೋಲ್ ಗೇಟಿನಲ್ಲಿ ಚೀಟಿ ತೆಗೆದುಕೊಂಡು ಹೊರಹೋಗುವಾಗ ಕಾರ್ಡಿನಲ್ಲಿ ಪಾವತಿಸಬಹುದು, ಟೆಲಿಪಾಸ್ (ಕಾರಿನಲ್ಲಿ ಸಾಧನ ಇರುವವರಿಗೆ ಮಾತ್ರ) ಸಾಲಿಗೆ ಹೋಗಬೇಡಿ. ಇಂಧನದ ವಿಷಯದಲ್ಲಿ ಒಂದು ಪದ ನೆನಪಿಡಿ: ಇಟಲಿಯಲ್ಲಿ ‘ಗಸೋಲಿಯೊ’ ಎಂದರೆ ಡೀಸೆಲ್, ‘ಬೆಂಜಿನಾ’ ಎಂದರೆ ಪೆಟ್ರೋಲ್.

ಆರನೇ ಹಂತ: ಸ್ಟೀರಿಂಗ್ ಹಿಂದೆ

ಬಲಬದಿಯಲ್ಲಿ ಓಡಿಸುವುದು ನೇರ ರಸ್ತೆಯಲ್ಲಿ ಕಷ್ಟವಲ್ಲ. ತಪ್ಪಾಗುವುದು ಖಾಲಿ ಪೆಟ್ರೋಲ್ ಬಂಕ್‌ನಿಂದ ಹೊರಬೀಳುವಾಗ, ಬೆಳಗಿನ ಮೊದಲ ತಿರುವಿನಲ್ಲಿ. ಚಾಲಕ ಯಾವಾಗಲೂ ರಸ್ತೆಯ ನಡುಗೆರೆಯ ಕಡೆ ಇರಬೇಕು ಎಂಬ ಒಂದೇ ಸೂತ್ರ ಸಾಕು, ಪಕ್ಕದಲ್ಲಿ ಕುಳಿತವರು ಪ್ರತಿ ತಿರುವಿನಲ್ಲೂ ‘ಬಲ’ ಎಂದು ಗಟ್ಟಿಯಾಗಿ ಹೇಳಲಿ. ಜರ್ಮನಿಯಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಆದ್ಯತೆ, ಅದು ಎಷ್ಟೇ ಸಣ್ಣ ಓಣಿಯಾದರೂ.

ಆಟೊಬಾನ್ ಪೂರ್ತಿ ವೇಗಮಿತಿ ಇಲ್ಲ ಎಂಬುದು ನಮ್ಮಲ್ಲಿರುವ ತಪ್ಪು ಕಲ್ಪನೆ. ಮಿತಿ ಹಾಕಿರುವ ಕಡೆ, ಬಿಳಿ ವೃತ್ತದಲ್ಲಿ ಓರೆಯಾದ ಕಪ್ಪು ಗೆರೆಗಳ ಫಲಕ ಕಂಡ ಮೇಲೆ ಮಾತ್ರ ಆ ಮಿತಿ ಮುಗಿಯುತ್ತದೆ, ಅಲ್ಲಿಯೂ ಶಿಫಾರಸಿನ ವೇಗ ಗಂಟೆಗೆ 130 ಕಿ.ಮೀ. ಬಲದಿಂದ ಓವರ್‌ಟೇಕ್ ಮಾಡುವುದು ಅಪರಾಧ. ಎಡ ಸಾಲಿಗೆ ಹೋಗುವ ಮೊದಲು ಕನ್ನಡಿಯನ್ನು ಎರಡು ಸಲ ನೋಡಿ, ಏಕೆಂದರೆ ದೂರದಲ್ಲಿ ಚುಕ್ಕಿಯಂತೆ ಕಂಡ ದೀಪ ನಾಲ್ಕೈದು ಸೆಕೆಂಡಿನಲ್ಲಿ ನಿಮ್ಮ ಬೆನ್ನಿಗೆ ಇರುತ್ತದೆ. ಟ್ರಾಫಿಕ್ ನಿಧಾನವಾದ ಕೂಡಲೇ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸ್‌ಗೆ ನಡುವೆ ದಾರಿ ಬಿಡಬೇಕು. ಸ್ವಿಟ್ಜರ್ಲೆಂಡಿನಲ್ಲಿ ಹೆದ್ದಾರಿಗೆ 120, ಊರ ಹೊರಗೆ 80. ಅಲ್ಲಿ ಮಿತಿ ಮೀರಬೇಡಿ, ದಂಡ ಬಹಳ ಕಠಿಣ.

ಏಳನೇ ಹಂತ: ಹಣ ಪಾವತಿ ಮತ್ತು ಹಿಂದಿರುಗುವಿಕೆ

ನಮ್ಮ ಅನೇಕ ಕಾರ್ಡ್‌ಗಳು ವಿದೇಶಿ ಪಾವತಿಗೆ ಶೇ 3.5 ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ, ಒಟ್ಟು ಶೇ 4.13 ವಿಧಿಸುತ್ತವೆ. ಪಾಯಿಂಟ್ ಸಿಗುತ್ತದೆಂದು ಇಂಥ ಕಾರ್ಡ್ ಉಜ್ಜುವ ಮೊದಲು, ಸಿಗುವ ಪಾಯಿಂಟ್‌ನ ಬೆಲೆ ಅದಕ್ಕಿಂತ ಹೆಚ್ಚೇ ಎಂದು ಮೂರನೇ ಹಂತದ ಲೆಕ್ಕ ಹಾಕಿ. ಇಲ್ಲವಾದರೆ ಶುಲ್ಕವಿಲ್ಲದ ಕಾರ್ಡ್ ಬಳಸಿ. ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡ ಎನ್ನಿ, ಯುರೋ ಅಥವಾ ಫ್ರಾಂಕ್ ಆರಿಸಿ. ಬಿಲ್ಲನ್ನು ಪೂರ್ತಿ ಕಟ್ಟಲಾಗದೆ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಎಲ್ಲ ಪಾಯಿಂಟ್‌ಗಳನ್ನೂ ನುಂಗುತ್ತದೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಹತ್ತು–ಹದಿನೈದು ಕಿ.ಮೀ. ಮೊದಲೇ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಇಂಧನದ ಮುಳ್ಳು, ಓಡೊಮೀಟರ್, ಕಾರಿನ ನಾಲ್ಕೂ ಬದಿ ಚಿತ್ರ ತೆಗೆದು, ಸಾಧ್ಯವಾದರೆ ಸಿಬ್ಬಂದಿಯ ಎದುರೇ ಪರಿಶೀಲಿಸಿ ಸಹಿ ಹಾಕಿಸಿಕೊಳ್ಳಿ.

ಊರಿಗೆ ಬಂದ ಮೇಲೂ ಈ ಕಾಗದಗಳನ್ನು ಎಸೆಯಬೇಡಿ. ಇಟಲಿಯ ಹಳೆಯ ಊರುಗಳ ನಡುಭಾಗದಲ್ಲಿ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ ನಿರ್ಬಂಧಿತ ವಲಯಗಳಿರುತ್ತವೆ. ಕೆಂಪು ಅಂಚಿನ ದುಂಡು ಫಲಕದ ಪಕ್ಕದಲ್ಲಿ ಕ್ಯಾಮೆರಾ ಇರುತ್ತದೆ, ಪೊಲೀಸ್ ಇರುವುದಿಲ್ಲ. ಅಂಥ ಒಂದು ಊರಿನಲ್ಲಿ ಹೋಟೆಲ್ ಹುಡುಕುತ್ತ ನಾನು ಒಂದೇ ಸಂಜೆ ಎರಡು ಸಲ ಆ ಗೆರೆ ದಾಟಿದ್ದೆ, ಗೊತ್ತೇ ಆಗಲಿಲ್ಲ. ಎರಡು ತಿಂಗಳ ನಂತರ ಬಾಡಿಗೆ ಸಂಸ್ಥೆ ನನ್ನ ವಿಳಾಸ ಒದಗಿಸಿದ್ದಕ್ಕೆಂದು ಪ್ರತಿ ಸಲಕ್ಕೂ ಪ್ರತ್ಯೇಕ ಶುಲ್ಕ ಕಡಿತ ಮಾಡಿತು. ದಂಡದ ಪತ್ರಗಳು ಬೆಂಗಳೂರಿನ ಮನೆಗೆ ಬಂದದ್ದು ಅದಕ್ಕೂ ಎಷ್ಟೋ ತಿಂಗಳ ಮೇಲೆ. ಇಂಥ ಊರುಗಳಲ್ಲಿ ತಂಗುವುದಾದರೆ ಹೋಟೆಲಿಗೆ ಮೊದಲೇ ಬರೆದು ಕಾರಿನ ಸಂಖ್ಯೆಗೆ ಪ್ರವೇಶಾನುಮತಿ ಕೊಡಿಸಲು ಕೇಳಿ, ಇಲ್ಲವೇ ಕೋಟೆಯ ಹೊರಗಿನ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ನಡೆದು ಹೋಗಿ. ವಿದೇಶದಲ್ಲಿ ವಾಸಿಸುವವರಿಗೆ ದಂಡದ ನೋಟಿಸ್ ಕಳಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಟ್ಟಿದೆ. ಬಾಡಿಗೆ ಒಪ್ಪಂದ, ಟೋಲ್ ಚೀಟಿಗಳು, ಹೋಟೆಲ್ ಬಿಲ್ಲುಗಳನ್ನು ಅಲ್ಲಿಯವರೆಗೆ ಒಂದು ಕಡತದಲ್ಲಿ ದಿನಾಂಕದ ಪ್ರಕಾರ ಜೋಡಿಸಿ ಇಟ್ಟುಕೊಳ್ಳಿ.